ಹತ್ತೊಂಬತ್ತು ಟಿಕೆಟುಗಳು, ಒಂದು ಹಿಂಬರಹ

(ಹೊಸದಾಗಿ ಕೆಲಸಕ್ಕೆ ಸೇರಿದ ಗ್ರಾಮ ಆಡಳಿತ ಅಧಿಕಾರಿಗಳು ಮತ್ತು ಪ್ರಥಮ ದರ್ಜೆ ಸಹಾಯಕರ ತರಬೇತಿ ಶಿಬಿರವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚಿನ ಅವಧಿಯನ್ನು ನನಗೆ ಕೊಟ್ಟಿದ್ದಾರೆ. ನಾನು ಎಳೆದರೆ ನಿಮ್ಮ ಸಾರು ಆರುತ್ತದೆ. ಆದ್ದರಿಂದ ಪೀಠಿಕೆ ಬಿಟ್ಟು ವಿಷಯಕ್ಕೆ ಬರುತ್ತೇನೆ.

ಆಹ್ವಾನ ಪತ್ರದಲ್ಲಿ ವಿಷಯ 'ಸಾರ್ವಜನಿಕ ಸೇವೆಯ ಅರ್ಥ' ಎಂದಿದೆ. ಇಂಥ ವಿಷಯ ಕೊಟ್ಟರೆ ನಿವೃತ್ತರು ಏನು ಹೇಳುತ್ತಾರೆ ಎಂಬುದು ನಿಮಗೆ ಗೊತ್ತೇ ಇದೆ: ವಿಶ್ವೇಶ್ವರಯ್ಯನವರ ಎರಡು ಮೇಣದ ಬತ್ತಿಗಳ ಕಥೆ. ಸರ್ಕಾರದ ಕೆಲಸಕ್ಕೆ ಒಂದು ಬತ್ತಿ, ಸ್ವಂತದ ಕಾಗದ ಬರೆಯಲು ಇನ್ನೊಂದು. ಇದೇ ಕಥೆಯನ್ನು ಚಾಣಕ್ಯನ ಹೆಸರಿನಲ್ಲಿಯೂ ಕೇಳಿದ್ದೇನೆ, ಅಲ್ಲಿ ಬತ್ತಿಯ ಬದಲು ಎಣ್ಣೆಯ ದೀಪ. ನಡೆದದ್ದೋ ಕಟ್ಟಿದ್ದೋ ಇರಲಿ, ನನ್ನ ತಕರಾರು ಬೇರೆ. ಆ ಕಥೆ ಕೇಳಿದವರು ಬತ್ತಿ ಉಳಿಸುವುದನ್ನೇ ಸೇವೆ ಎಂದುಕೊಂಡು ಮನೆಗೆ ಹೋಗುತ್ತಾರೆ. ಸರ್ಕಾರದ ಬತ್ತಿಯ ಬೆಳಕಿನಲ್ಲಿ ಆ ರಾತ್ರಿ ಯಾರ ಕಡತ ವಿಲೇವಾರಿಯಾಯಿತು ಎಂದು ಒಬ್ಬರೂ ಕೇಳುವುದಿಲ್ಲ.

ನಾನು ಕೇಳದೆ ಹೋದ ಒಂದು ಕಡತದ ಕಥೆಯನ್ನು ಹೇಳುತ್ತೇನೆ. ಅದರಲ್ಲಿ ತಪ್ಪಿತಸ್ಥ ನಾನೇ.

1980ರ ದಶಕದ ಕೊನೆ. ಬಯಲುಸೀಮೆಯ ಒಂದು ತಾಲ್ಲೂಕು ಕಚೇರಿಯಲ್ಲಿ ನಾನು ವಿಷಯ ನಿರ್ವಾಹಕ, ಎಂದರೆ ಕಡತ ನಡೆಸುವ ಗುಮಾಸ್ತ. ಹೊಸ ಹುರುಪಿನ ಹುಡುಗ. ಹಳ್ಳಿಯೊಂದರಿಂದ ಒಬ್ಬ ಹೆಂಗಸು ಪೌತಿ ಖಾತೆಗೆ ಅರ್ಜಿ ಕೊಟ್ಟಿದ್ದರು. ಗಂಡ ತೀರಿಕೊಂಡಿದ್ದಾನೆ, ಒಂದು ಎಕರೆ ಇಪ್ಪತ್ತು ಗುಂಟೆ ಖುಷ್ಕಿ ಜಮೀನು, ಖಾತೆ ತನ್ನ ಹೆಸರಿಗೆ ಬರಬೇಕು. ಖಾತೆ ಬಾರದೆ ಸೊಸೈಟಿಯಲ್ಲಿ ಸಾಲವಿಲ್ಲ, ಸಾಲವಿಲ್ಲದೆ ಬಿತ್ತನೆ ಶೇಂಗಾ ಇಲ್ಲ. ತಕರಾರು ಮಾಡುವ ಮೈದುನರೂ ಇರಲಿಲ್ಲ. ಇದ್ದದ್ದು ಒಂದೇ ತೊಡಕು: ಜಮೀನಿನ ದಾಖಲೆಯಾದ ಪಹಣಿಯಲ್ಲಿರುವ ಹೆಸರೇ ಬೇರೆ, ಮರಣ ಪತ್ರದಲ್ಲಿರುವ ಹೆಸರೇ ಬೇರೆ. ನಮ್ಮ ಸೀಮೆಯವರಿಗೆ ಇದು ಹೊಸದಲ್ಲ. ಒಬ್ಬನೇ ಮನುಷ್ಯ ಕಾಗದದಲ್ಲಿ ಹನುಮಂತಪ್ಪ, ಊರವರ ಬಾಯಲ್ಲಿ ಅಂಜಿನಪ್ಪ. ಸತ್ತ ದಿನ ಯಾರೋ ಹೋಗಿ ಬಾಯಲ್ಲಿದ್ದ ಹೆಸರನ್ನು ಬರೆಸಿ ಬಂದಿರುತ್ತಾರೆ.

ಕಡತ ತಹಸೀಲ್ದಾರರಿಗೆ ಹೋಯಿತು. ಅವರು ಟಿಪ್ಪಣಿ ಹಾಳೆಯ ಅಂಚಿನಲ್ಲಿ ಹಸಿರು ಶಾಯಿಯಲ್ಲಿ 'ಚರ್ಚಿಸಿ' ಎಂದು ಬರೆದು ವಾಪಸು ಕಳಿಸಿದರು. ಈ 'ಚರ್ಚಿಸಿ' ಎಂಬ ಮೂರಕ್ಷರ ನಿಮಗೆ ಇಷ್ಟರಲ್ಲೇ ಪರಿಚಯವಾಗಿರಬೇಕು. ಆಗಿರದಿದ್ದರೆ ಈ ತಿಂಗಳೊಳಗೆ ಆಗುತ್ತದೆ. ಅದರ ಅರ್ಥ, ಕಡತ ತೆಗೆದುಕೊಂಡು ಸಾಹೇಬರ ಎದುರು ನಿಂತು ವಿವರಿಸು ಎಂದು. ನಾನು ನಿಲ್ಲಲಿಲ್ಲ. ಇವತ್ತು ಸಾಹೇಬರಿಗೆ ಸಭೆ, ನಾಳೆ ಪ್ರವಾಸ, ನಾಡಿದ್ದು ಅವರ ಮುಖ ಸರಿಯಿಲ್ಲ. ಕಡತ ಕಟ್ಟಿನ ಮಧ್ಯೆ ಇಳಿಯಿತು. ಏಳು ತಿಂಗಳು ಅಲ್ಲೇ ಇತ್ತು. ಅಷ್ಟರಲ್ಲಿ ತಹಸೀಲ್ದಾರರಿಗೆ ವರ್ಗವಾಯಿತು. ಹೊಸಬರು ಬಂದು ಬಾಕಿ ಕಡತಗಳನ್ನು ತರಿಸಿಕೊಂಡು ನೋಡಿ ಕೇಳಿದರು: "ಏನನ್ನು ಚರ್ಚಿಸಬೇಕಾಗಿತ್ತು?" ಶಿರಸ್ತೇದಾರರು ನನ್ನನ್ನು ನೋಡಿದರು, ನಾನು ಕಿಟಕಿಯನ್ನು ನೋಡಿದೆ.

ನಾನು ಆ ಹೆಂಗಸಿನಿಂದ ಒಂದು ಕಾಸು ಕೇಳಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಆಗ ನನಗೆ ಅದೇ ದೊಡ್ಡ ಹೆಮ್ಮೆಯಾಗಿತ್ತು. ಅವರು ಬಂದಾಗಲೆಲ್ಲ ವಿನಯದಿಂದಲೇ "ಸಾಹೇಬರ ಹತ್ತಿರ ಇದೆಯಮ್ಮ, ಮುಂದಿನ ವಾರ ಬನ್ನಿ" ಎನ್ನುತ್ತಿದ್ದೆ.

ಹೊಸ ತಹಸೀಲ್ದಾರರು ಆಕೆಯನ್ನೇ ಕರೆಸಿದರು. ನಿಮ್ಮ ಹತ್ತಿರ ಇರುವ ಕಾಗದಗಳನ್ನೆಲ್ಲ ಕೊಡಿ ಎಂದರು. ಆಕೆ ಗೊಬ್ಬರದ ಅಂಗಡಿಯ ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ತೆಗೆದು ಮೇಜಿನ ಮೇಲಿಟ್ಟರು: ಕಂದಾಯದ ರಸೀದಿ, ಪಡಿತರ ಚೀಟಿ, ಕೊನೆಗೆ ದಾರದಲ್ಲಿ ಸುತ್ತಿದ ಬಸ್ ಟಿಕೆಟುಗಳ ಒಂದು ಸಣ್ಣ ಕಟ್ಟು. ಕಂಡಕ್ಟರ್ ತೂತು ಹೊಡೆದು ಹರಿದುಕೊಡುತ್ತಿದ್ದ, ಬೆರಳಗಲದ ಬಣ್ಣದ ಟಿಕೆಟುಗಳು. ಇವೇಕಮ್ಮ ಎಂದರೆ, "ಸ್ವಾಮಿ, ಇವೂ ಸರ್ಕಾರದ ಕಾಗದವೇ ಅಲ್ಲವೇ? ಮೇಲೆ ಮುದ್ರೆ ಇದೆ. ಯಾವುದು ಬೇಕಾಗುತ್ತದೋ ಎಂದು ಇಟ್ಟುಕೊಂಡೆ" ಎಂದರು.

ಎಣಿಸಿದೆವು. ಹತ್ತೊಂಬತ್ತು. ತಹಸೀಲ್ದಾರರು ಲೆಕ್ಕದ ಮನುಷ್ಯ. "ಹೋಗಿ ಬರಲು ಎರಡೆರಡಾದರೆ ಸರಿಸಂಖ್ಯೆ ಬರಬೇಕಿತ್ತಲ್ಲ?" ಎಂದರು. ಆಕೆ ಹೇಳಿದರು: "ಒಂದು ದಿನ ಕಡೆಯ ಬಸ್ಸು ತಪ್ಪಿತು ಸ್ವಾಮಿ, ನಡೆದೇ ಹೋದೆ." ಹದಿನಾಲ್ಕು ಕಿಲೋಮೀಟರು.

ಆ ಕೆಲಸಕ್ಕೆ ಬೇಕಾಗಿದ್ದದ್ದು ಇಷ್ಟೇ: ಕಂದಾಯ ನಿರೀಕ್ಷಕರು ಊರಿಗೆ ಹೋಗಿ ಐದು ಜನ ಪಂಚರನ್ನು ಕೂರಿಸಿಕೊಂಡು, ಈ ಎರಡು ಹೆಸರುಗಳೂ ಒಬ್ಬನವೇ ಎಂದು ಮಹಜರು ಬರೆದು ತರುವುದು. ಒಂದು ಮಧ್ಯಾಹ್ನದ ಕೆಲಸ. ಮುಗಿಯಿತು. ಆಮೇಲೆ ಕಾನೂನಿನ ಪ್ರಕಾರ ಮೂವತ್ತು ದಿನದ ನೋಟೀಸು, ತಕರಾರಿಲ್ಲ, ಖಾತೆ ಆಯಿತು. ಬಿತ್ತನೆ ಮಾತ್ರ ಆ ವರ್ಷ ತಪ್ಪಿತ್ತು.

ನಿಮ್ಮಲ್ಲಿ ಹಲವರಿಗೆ 'ನಾಳೆ ಬಾ' ಗೊತ್ತಿರಬಹುದು, ಅಥವಾ ಅಮ್ಮಂದಿರು ಹೇಳಿರಬಹುದು. 1990ರ ದಶಕದಲ್ಲಿ ನಮ್ಮ ರಾಜ್ಯದ ಊರೂರಿನಲ್ಲಿ ಒಂದು ದೆವ್ವದ ಗುಲ್ಲೆದ್ದಿತ್ತು. ರಾತ್ರಿ ಅದು ಬಾಗಿಲು ತಟ್ಟುತ್ತದೆ, ಪರಿಚಿತರ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದವರ ಗತಿ ಮುಗಿಯಿತು. ಅದಕ್ಕೆ ಜನ ಕಂಡುಕೊಂಡ ಉಪಾಯ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆಯುವುದು. ದೆವ್ವ ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಅಕ್ಷರ ಬಲ್ಲ, ಕಾನೂನಿಗೆ ತಲೆಬಾಗುವ, ತಾಳ್ಮೆಯ ದೆವ್ವ. ಆ ಬರಹವನ್ನು ಗೋಡೆಗಳ ಮೇಲೆ ನೋಡಿದಾಗಲೆಲ್ಲ ನನಗೆ ನನ್ನ ಮೇಜು ನೆನಪಾಗುತ್ತಿತ್ತು. ಜನರನ್ನು ನಾವು ಆ ದೆವ್ವದ ಹಾಗೆ ನಡೆಸಿಕೊಳ್ಳುತ್ತೇವೆ, ಅವರೂ ಆ ದೆವ್ವದ ಹಾಗೆಯೇ ನಂಬಿ ಹಿಂದಿರುಗುತ್ತಾರೆ.

ಲಂಚದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ, ಇಲ್ಲದಿದ್ದರೆ ಇವರು ಅದನ್ನೇ ಬಿಟ್ಟರು ಎನ್ನುತ್ತೀರಿ. ಲೋಕಾಯುಕ್ತದವರು ನೋಟಿಗೆ ಒಂದು ಬಿಳಿ ಪುಡಿ ಸವರಿರುತ್ತಾರೆ. ಹಣ ಮುಟ್ಟಿದ ಕೈಯನ್ನು ಸೋಡಾ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ನೀರನ್ನು ಸೀಸೆಯಲ್ಲಿ ತುಂಬಿ ಮೊಹರು ಮಾಡುತ್ತಾರೆ. ಆ ಬಣ್ಣವನ್ನು ನೀವು ನೋಡದಿರಲಿ. ಆದರೆ ಏಳು ತಿಂಗಳು ಕಡತ ಕಟ್ಟಿಟ್ಟ ನನ್ನ ಕೈಯನ್ನು ಎಷ್ಟು ಸಲ ಆ ನೀರಿನಲ್ಲಿ ಅದ್ದಿದರೂ ಬಣ್ಣ ಬರುತ್ತಿರಲಿಲ್ಲ. ಲಂಚಕ್ಕೆ ಪರೀಕ್ಷೆ ಇದೆ, ಕೈಕಟ್ಟಿ ಕೂರುವುದಕ್ಕೆ ಇಲ್ಲ. ಹಾಗಾಗಿ ನಮ್ಮ ಇಲಾಖೆಯಲ್ಲಿ 'ಶುದ್ಧಹಸ್ತ' ಎನಿಸಿಕೊಂಡು ಸನ್ಮಾನ ಮಾಡಿಸಿಕೊಂಡ ಕೆಲವರ ಮೇಜಿನ ಮೇಲಿನ ರಾಶಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಲ್ಲಿ ಸಹಿ ಹಾಕಿದರೆ ಏನಾದರೂ ಆದೀತೋ ಎಂಬ ಭಯಕ್ಕೆ ಪ್ರಾಮಾಣಿಕತೆ ಎಂಬ ಒಳ್ಳೆಯ ಹೆಸರಿಟ್ಟುಕೊಂಡವರು.

ಈಗ ಸ್ವಲ್ಪ ಇತಿಹಾಸ. ನೀವು ಕೂರುವ ಕುರ್ಚಿ ಎಲ್ಲಿಂದ ಬಂತು ಎಂಬುದನ್ನು ತಿಳಿದುಕೊಳ್ಳದೆ ಅದರ ಮೇಲೆ ಕೂರಬಾರದು.

ನಿಮಗಿಂತ ಮುಂಚೆ ಆ ಜಾಗದಲ್ಲಿ ಶಾನುಭೋಗರಿದ್ದರು, ಉತ್ತರದ ಜಿಲ್ಲೆಗಳಲ್ಲಿ ಕುಲಕರ್ಣಿಗಳು. ತಂದೆಯಿಂದ ಮಗನಿಗೆ ಬರುತ್ತಿದ್ದ ಹುದ್ದೆ. ಊರಿನ ಲೆಕ್ಕದ ದಫ್ತರ ಶಾನುಭೋಗರ ಮನೆಯ ಪೆಟ್ಟಿಗೆಯಲ್ಲಿ ಇರುತ್ತಿತ್ತು. ನಿಮ್ಮ ಹೊಲ ನಿಮ್ಮದೇ ಎನ್ನುವ ಸಾಕ್ಷಿ ಇನ್ನೊಬ್ಬರ ಮನೆಯ ನಡುಮನೆಯಲ್ಲಿ. ಅವರಲ್ಲಿ ಬಹಳ ಮಂದಿ ಒಳ್ಳೆಯವರಿದ್ದರು, ಊರಿನ ವ್ಯಾಜ್ಯವನ್ನು ಜಗಲಿಯಲ್ಲೇ ತೀರಿಸಿದವರಿದ್ದರು, ಅಕ್ಷರ ಕಲಿಸಿದವರೂ ಇದ್ದರು. ಆದರೆ ಒಳ್ಳೆಯತನವೂ ಅವರ ಮರ್ಜಿ, ಕೆಟ್ಟತನವೂ ಅವರ ಮರ್ಜಿ. 1961ರಲ್ಲಿ ಗ್ರಾಮಾಧಿಕಾರಗಳ ರದ್ದಿಯಾತಿ ಕಾನೂನು ಬಂದು, 1963ರ ಫೆಬ್ರುವರಿ 1ರಿಂದ ವಂಶಪಾರಂಪರ್ಯದ ಆ ಹುದ್ದೆಗಳು ಹೋದವು. ಸಂಬಳದ ಗ್ರಾಮ ಲೆಕ್ಕಿಗ ಬಂದ. ನನ್ನ ದೃಷ್ಟಿಯಲ್ಲಿ ಇದು ಬಹಳ ದೊಡ್ಡ ಬದಲಾವಣೆ, ಅದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಕಾಗದ ಬರೆಯುವವನಿಗೆ ಕಾಗದದ ಮೇಲೆ ಒಡೆತನವಿಲ್ಲ ಎಂದು ಸರ್ಕಾರ ಹಳ್ಳಿಯ ಮಟ್ಟದಲ್ಲಿ ಹೇಳಿತು.

ಹೇಳಿತು, ನಿಜ. ಆದರೆ ದಫ್ತರ ಶಾನುಭೋಗರ ಪೆಟ್ಟಿಗೆಯಿಂದ ಲೆಕ್ಕಿಗರ ಚೀಲಕ್ಕೆ ಬಂತು, ಅಷ್ಟೆ. ಪಹಣಿ ಬೇಕೆಂದರೆ ಲೆಕ್ಕಿಗರು ಎಲ್ಲಿದ್ದಾರೆಂದು ಹುಡುಕಬೇಕು. ಹೋಟೆಲಿನಲ್ಲೋ, ಸಂತೆಯಲ್ಲೋ, ಬಾಡಿಗೆ ಕೋಣೆಯಲ್ಲೋ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದಾಗ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಅದಕ್ಕಿಂತ ಮುಖ್ಯವಾದದ್ದು, ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಸಾಗಬೇಕು ಎಂಬ ಕಟ್ಟಳೆ ತಂತ್ರಾಂಶದೊಳಗೇ ಇತ್ತು. ಮೇಲಿನ ಅರ್ಜಿಯನ್ನು ಬಿಟ್ಟು ಕೆಳಗಿನದನ್ನು ಎತ್ತಿಕೊಳ್ಳಲು ಅದು ಬಿಡುತ್ತಿರಲಿಲ್ಲ. ಆ ದಿನಗಳಲ್ಲಿ ನಮ್ಮಲ್ಲಿ ಕೆಲವರು ಪಟ್ಟ ಸಂಕಟವನ್ನು ನೆನೆದರೆ ಈಗಲೂ ನಗು ಬರುತ್ತದೆ. ಯಾರನ್ನಾದರೂ ಮುಂದೆ ಬಿಡುವ, ಯಾರನ್ನಾದರೂ ಹಿಂದೆ ನಿಲ್ಲಿಸುವ ಅವಕಾಶವೇ ಇಲ್ಲದಿದ್ದರೆ ಅಧಿಕಾರಿ ಎನಿಸಿಕೊಂಡು ಏನು ಸುಖ?

ಯಂತ್ರವನ್ನು ಹೊಗಳಿ ಸುಮ್ಮನಾಗುವವನಲ್ಲ ನಾನು. ಪಹಣಿ ಅಚ್ಚಾಗುವಾಗ ಎಷ್ಟೋ ಜನರ ಹೆಸರು ತಪ್ಪಾಯಿತು, ತಂದೆಯ ಹೆಸರು ಮಾಯವಾಯಿತು, ಗುಂಟೆಗಳು ಕರಗಿದವು. ತಪ್ಪು ಮಾಡಿದವರು ನಾವು, ತಿದ್ದುಪಡಿಗೆ ಅರ್ಜಿ ಹಿಡಿದು ಅಲೆದವರು ಅವರು. ಹೊಸ ಕಾಲಕ್ಕೆ ಹೊಸ 'ನಾಳೆ ಬಾ' ಸಹ ಹುಟ್ಟಿತು: 'ಸರ್ವರ್ ಇಲ್ಲ.' ದುಡಿದು ಬೆರಳಿನ ಗೆರೆ ಸವೆದ ಮುದುಕಿಗೆ ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಕೂರುತ್ತಿಲ್ಲ ಎನ್ನುವಾಗ, ಯಂತ್ರ ತನ್ನ ಕೆಲಸ ಮಾಡಿದೆ. ಪಕ್ಕದಲ್ಲಿ ಕೂತಿರುವ ಮನುಷ್ಯ ಆಗ ತನ್ನ ಕೆಲಸ ಆರಂಭಿಸಬೇಕು.

2012ರಲ್ಲಿ 'ಸಕಾಲ' ರಾಜ್ಯದಾದ್ಯಂತ ಜಾರಿಗೆ ಬಂತು. 'ಹೇಳಿದ ದಿನ ತಪ್ಪೊಲ್ಲ' ಎಂಬ ಫಲಕ ನೋಡಿದ್ದೀರಿ. ಪ್ರತಿ ಸೇವೆಗೂ ದಿನದ ಗಡುವು, ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ, ಅದೂ ತಡಮಾಡಿದ ನೌಕರನ ಸಂಬಳದಿಂದ. ಹಣ ಸಣ್ಣದು, ಅವಮಾನ ದೊಡ್ಡದು. ನಾನು ಆಗ ಬಹಳ ಸಂತೋಷಪಟ್ಟೆ. ನನ್ನ ಏಳು ತಿಂಗಳ ಕಡತಕ್ಕೆ ಪ್ರಾಯಶ್ಚಿತ್ತವಾಯಿತು ಎಂದುಕೊಂಡೆ. ಆದರೆ ಕಾನೂನು ಚಾಪೆಯ ಕೆಳಗೆ ತೂರಿದರೆ ನಮ್ಮವರು ರಂಗೋಲಿಯ ಕೆಳಗೆ ತೂರುವವರು. ಗಡುವಿನ ಕೊನೆಯ ದಿನ ಸಂಜೆ ಅರ್ಜಿಯನ್ನೇ ತಿರಸ್ಕರಿಸಿಬಿಟ್ಟರೆ ತಡವಾಯಿತು ಎನ್ನುವಂತಿಲ್ಲವಲ್ಲ! 'ದಾಖಲೆಗಳು ಅಪೂರ್ಣ, ತಿರಸ್ಕರಿಸಲಾಗಿದೆ.' ಯಾವ ದಾಖಲೆ, ಏಕೆ ಅಪೂರ್ಣ, ಎಲ್ಲಿ ಸಿಗುತ್ತದೆ, ಒಂದೂ ಇಲ್ಲ. ಕಚೇರಿಯ ಅಂಕಿಅಂಶದಲ್ಲಿ ವಿಲೇವಾರಿ ನೂರಕ್ಕೆ ನೂರು.

ಇಲ್ಲಿಗೆ ನಾನು ಹೇಳಲು ಬಂದ ವಿಷಯ ಸಿಕ್ಕಿತು. ನಿಮಗೆ ದೊಡ್ಡ ಆದರ್ಶಗಳನ್ನು ಕೊಡಲು ನಾನು ಬಂದಿಲ್ಲ. ಒಂದೇ ಒಂದು ಹಾಳೆಯ ಬಗ್ಗೆ ಹೇಳಲು ಬಂದಿದ್ದೇನೆ: ಹಿಂಬರಹ. ಅರ್ಜಿದಾರನಿಗೆ ಕಚೇರಿ ಕೊಡುವ ಲಿಖಿತ ಉತ್ತರ. ಮೊದಲು ಅರ್ಜಿಯ ಬೆನ್ನ ಮೇಲೆ ಬರೆದುಕೊಡುತ್ತಿದ್ದದ್ದರಿಂದ ಆ ಹೆಸರು. ನನ್ನ ಮಟ್ಟಿಗೆ ಸೇವೆ ಎಂದರೆ ಎರಡರಲ್ಲಿ ಒಂದು. ಕೆಲಸ ಮಾಡಿಕೊಡುವುದು, ಇಲ್ಲವೇ ಏಕೆ ಮಾಡಿಕೊಡಲಾಗದು ಎಂಬುದನ್ನು ಅವರಿಗೆ ಅರ್ಥವಾಗುವ ಕನ್ನಡದಲ್ಲಿ, ಕೆಳಗೆ ಹೆಸರು ಹಾಕಿ, ಬರೆದುಕೊಡುವುದು. ಮೂರನೆಯ ದಾರಿ ಇಲ್ಲ. ನಾವು ದಿನವಿಡೀ ನಡೆಯುವುದು ಆ ಮೂರನೆಯ ದಾರಿಯಲ್ಲಿಯೇ.

ಇದು ನನ್ನ ಸ್ವಂತ ಹುಚ್ಚು ಎಂದುಕೊಳ್ಳಬೇಡಿ. 2005ರ ಮಾಹಿತಿ ಹಕ್ಕು ಕಾನೂನನ್ನು ಅರ್ಜಿ ಹಾಕುವವರ ಕಾನೂನು ಎಂದಷ್ಟೇ ನಮ್ಮವರು ತಿಳಿದಿದ್ದಾರೆ. ಅದರ 4(1)(ಡಿ) ಕಲಂ ಓದಿ. ತನ್ನ ತೀರ್ಮಾನಕ್ಕೆ ಕಾರಣವನ್ನು ಬಾಧಿತರಿಗೆ ತಿಳಿಸುವುದು ಕಚೇರಿಯ ಕರ್ತವ್ಯ, ಅವರು ಕೇಳಲಿ ಬಿಡಲಿ. ಅದಕ್ಕೂ ಮೊದಲೇ, ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆದೇಶವನ್ನು ಅದರಲ್ಲಿ ಬರೆದಿರುವ ಕಾರಣದಿಂದಲೇ ಅಳೆಯಬೇಕು, ಆಮೇಲೆ ಅಫಿಡವಿಟ್ಟಿನಲ್ಲಿ ಹೊಸ ಕಾರಣ ತುಂಬುವಂತಿಲ್ಲ ಎಂದಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಮಾತಿನ ತಾತ್ಪರ್ಯ, ಇಟ್ಟಷ್ಟೂ ರುಚಿ ಏರಲು ಆದೇಶವೇನು ಹಳೆಯ ದ್ರಾಕ್ಷಾರಸವಲ್ಲ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಉಪ್ಪಿಲ್ಲದೆ ಹಾಕಿದ ಉಪ್ಪಿನಕಾಯಿ ಜಾಡಿಯಲ್ಲಿಟ್ಟರೆ ಬೂಸಲು ಬರುತ್ತದೆಯೇ ಹೊರತು ರುಚಿ ಬರುವುದಿಲ್ಲ.

ಕಾರಣ ಬರೆಯಲು ಕೂತಾಗ ಒಂದು ವಿಚಿತ್ರ ನಡೆಯುತ್ತದೆ. ಅರ್ಧ ಪಾಲು ಸಂದರ್ಭಗಳಲ್ಲಿ ಕಾರಣವೇ ಇಲ್ಲ ಎಂಬುದು ಬರೆಯುವವನಿಗೇ ಗೊತ್ತಾಗುತ್ತದೆ. ಆ 'ಚರ್ಚಿಸಿ' ಕಡತದಲ್ಲಿ ನಾನು ಆಕೆಗೆ ಹಿಂಬರಹ ಬರೆಯಬೇಕಾಗಿ ಬಂದಿದ್ದರೆ ಏನು ಬರೆಯುತ್ತಿದ್ದೆ? 'ಸಾಹೇಬರ ಎದುರು ನಿಲ್ಲಲು ನನಗೆ ಅಂಜಿಕೆಯಾದ ಕಾರಣ ನಿಮ್ಮ ಖಾತೆ ಆಗಿರುವುದಿಲ್ಲ.' ಹೀಗೆ ಬರೆಯಲಾಗದೆ ಎದ್ದು ಹೋಗಿ ಚರ್ಚಿಸುತ್ತಿದ್ದೆ.

ಬಾಯಿಮಾತಿನ ಆದೇಶಕ್ಕೂ ಇದೇ ಮದ್ದು. ನಿಮಗೆ ಫೋನು ಬರುತ್ತದೆ. ಮೇಲಿನವರದೋ, ಊರಿನ ಮುಖಂಡರದೋ. 2013ರಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಧಿಕಾರಿಗಳು ಮೌಖಿಕ ಸೂಚನೆಯ ಮೇಲೆ ನಡೆಯಬಾರದು, ಅಂಥ ಸೂಚನೆ ಬಂದರೆ ಅದನ್ನು ಬರಹದಲ್ಲಿ ದಾಖಲಿಸಬೇಕು ಎಂದಿದೆ. ಸುಬ್ರಮಣಿಯನ್ ಅವರು ಸ್ವತಃ ಕೇಂದ್ರದ ಸಂಪುಟ ಕಾರ್ಯದರ್ಶಿಯಾಗಿದ್ದವರು. ಅಷ್ಟು ಎತ್ತರದಲ್ಲಿದ್ದವರೇ ಇದಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು ಎಂದರೆ ನಿಮ್ಮ ಮಟ್ಟದಲ್ಲಿ ಫೋನಿನ ಗದ್ದಲ ಎಷ್ಟಿರಬಹುದು ಊಹಿಸಿ. ನಾನು ಜಗಳ ಮಾಡುತ್ತಿರಲಿಲ್ಲ. 'ಆಗಲಿ ಸಾರ್, ತಾವು ಹೇಳಿದ್ದನ್ನು ಟಿಪ್ಪಣಿಯಲ್ಲಿ ಹಾಗೆಯೇ ಬರೆದು ಮಂಡಿಸುತ್ತೇನೆ' ಎನ್ನುತ್ತಿದ್ದೆ. ಹತ್ತರಲ್ಲಿ ಎಂಟು ಸಲ ಆ ಕಡೆಯಿಂದ 'ಇರಲಿ ಬಿಡಿ' ಎಂದು ಬರುತ್ತಿತ್ತು. ಉಳಿದ ಎರಡು ಸಲ ವರ್ಗವಾಗುತ್ತಿತ್ತು. ಸುಳ್ಳು ಹೇಳುವುದಿಲ್ಲ, ಮಕ್ಕಳ ಶಾಲೆಯ ನಡುವೆ ಗಂಟುಮೂಟೆ ಕಟ್ಟುವುದು ಕಷ್ಟ. ನನ್ನ ಹೆಂಡತಿ ಈ ಭಾಷಣ ಕೇಳಿದ್ದರೆ ಇಲ್ಲಿ ಎದ್ದು ನಿಂತು ಉಳಿದದ್ದನ್ನು ಹೇಳುತ್ತಿದ್ದಳು.

ಇನ್ನೊಂದು ಹಲಗೆಯ ವಿಷಯ. ನಿಮ್ಮ ಕಚೇರಿಯ ಗೋಡೆಯಲ್ಲಿ 'ಸರ್ಕಾರಿ ನೌಕರರ ಕರ್ತವ್ಯಕ್ಕೆ ಅಡ್ಡಿಪಡಿಸುವುದು ಶಿಕ್ಷಾರ್ಹ ಅಪರಾಧ, ಐಪಿಸಿ 353' ಎಂದು ಕೆಂಪಕ್ಷರದಲ್ಲಿ ಬರೆದಿರುತ್ತದೆ. ಈಗ ಅದು ಐಪಿಸಿಯ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 132ನೆಯ ಕಲಂ. ಅದೇ ಐಪಿಸಿಯಲ್ಲಿ 166 ಎಂಬ ಕಲಂ ಇತ್ತು, ಈಗ 198. ಒಬ್ಬರಿಗೆ ತೊಂದರೆ ಮಾಡುವ ಉದ್ದೇಶದಿಂದ ಸರ್ಕಾರಿ ನೌಕರ ಕಾನೂನು ಮೀರಿದರೆ ಅವನಿಗೂ ಶಿಕ್ಷೆ. ನನ್ನ ಇಡೀ ಸೇವಾವಧಿಯಲ್ಲಿ ಆ ಹಲಗೆಯನ್ನು ಒಂದು ಗೋಡೆಯ ಮೇಲೂ ಕಂಡಿಲ್ಲ. ವಿಧಾನಸೌಧದ ಮೇಲೆ ಕೆಂಗಲ್ ಹನುಮಂತಯ್ಯನವರ ಕಾಲದ 'ಸರ್ಕಾರದ ಕೆಲಸ ದೇವರ ಕೆಲಸ' ಇದೆ. ದೇವರ ಕೆಲಸವಾದರೆ ದೇವರೇ ಮಾಡಿಕೊಳ್ಳಲಿ ಎಂಬ ಹಳೆಯ ಕುಹಕವೂ ಇದೆ. ಆ ಮಾತಿನ ಬಗ್ಗೆ ನನಗಿರುವುದು ಗೌರವವೇ. ಆದರೆ ದೇವರ ಕೆಲಸ ಮಾಡುವವನು ಪೂಜಾರಿಯಾಗುತ್ತಾನೆ, ಪೂಜಾರಿ ಗರ್ಭಗುಡಿಯ ಒಳಗಿರುತ್ತಾನೆ, ಬಂದವರು ಹೊಸ್ತಿಲ ಹೊರಗೆ ಕೈಮುಗಿದು ನಿಲ್ಲುತ್ತಾರೆ. ಅದು ನನಗೆ ಒಗ್ಗುವುದಿಲ್ಲ. ಹುದ್ದೆಯ ಹೆಸರನ್ನೇ ನೋಡಿ: ಮೊದಲು 'ಲೆಕ್ಕಿಗ', ಲೆಕ್ಕ ಬರೆಯುವವನು. ಈಗ 'ಆಡಳಿತ ಅಧಿಕಾರಿ'. ಬಡ್ತಿ ನಿಮಗೆ ಸಂತೋಷ ತಂದಿರಬಹುದು. ನನಗೆ ಹಳೆಯ ಹೆಸರೇ ಇಷ್ಟ. ಲೆಕ್ಕ ಬರೆಯುವವನನ್ನು ಲೆಕ್ಕ ಕೊಡು ಎಂದು ಕೇಳಬಹುದು.

ನನ್ನ ಮಾತು ಇಷ್ಟೇ. ಪ್ರಶ್ನೆಗಳಿದ್ದರೆ ಕೇಳಿ.

(ಹಿಂದಿನ ಸಾಲಿನಿಂದ ಒಬ್ಬರು, ನಿಜವಾಗಿಯೂ ಆಗದ ಕೆಲಸಕ್ಕೆ ಹಿಂಬರಹವನ್ನು ಹೇಗೆ ಬರೆಯಬೇಕು ಎಂದು ಕೇಳಿದರು. ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದೆ.)

'ನೀವು ಇಂಥ ದಿನ ಕೊಟ್ಟ ಅರ್ಜಿಯನ್ನು ನೋಡಿದ್ದೇನೆ. ನೀವು ಕೇಳಿರುವ ಜಾಗ ದಾಖಲೆಯಲ್ಲಿ ಗೋಮಾಳ ಎಂದಿದೆ. ಅದನ್ನು ಯಾರ ಹೆಸರಿಗೂ ಖಾತೆ ಮಾಡುವ ಅಧಿಕಾರ ಈ ಕಚೇರಿಗೆ ಇಲ್ಲ. ಆದ್ದರಿಂದ ನಿಮ್ಮ ಕೋರಿಕೆ ಒಪ್ಪಲಾಗಿಲ್ಲ. ಈ ತೀರ್ಮಾನ ಸರಿಯಿಲ್ಲ ಎನಿಸಿದರೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೆ ಬೇಕಾದ ಪ್ರತಿಗಳನ್ನು ಇದರೊಂದಿಗೆ ಲಗತ್ತಿಸಿದೆ.'

ಕೆಳಗೆ ಸಹಿ. ಸಹಿಯ ಕೆಳಗೆ, ಓದಲು ಬರುವಂತೆ, ನಿಮ್ಮ ಹೆಸರು. 'ನಿಯಮಾನುಸಾರ' ಎಂಬ ಪದ ಎಲ್ಲೂ ಇಲ್ಲ, ಗಮನಿಸಿ. ಯಾವ ನಿಯಮ ಎಂದು ಗೊತ್ತಿಲ್ಲದವರು ಆ ಪದವನ್ನು ಬಳಸುತ್ತಾರೆ.

(ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಣ್ಣುಮಗಳು ಕೇಳಿದರು: "ಸಾರ್, ಆ ಬಸ್ ಟಿಕೆಟುಗಳು ಏನಾದವು?")

ಆಕೆ ಅವನ್ನು ಮೇಜಿನ ಮೇಲೆಯೇ ಬಿಟ್ಟು ಹೋಗಿದ್ದರಮ್ಮ. ಕಡತವನ್ನು ದಾಖಲೆ ಕೊಠಡಿಗೆ ಕಳಿಸುವ ದಿನ, ಇವನ್ನೇನು ಮಾಡಲಿ ಎಂದು ಶಿರಸ್ತೇದಾರರನ್ನು ಕೇಳಿದೆ. ಅವರು ತಲೆ ಎತ್ತದೆ, "ಅರ್ಜಿದಾರರು ಹಾಜರುಪಡಿಸಿದ ಕಾಗದವಲ್ಲವೇನಪ್ಪಾ, ಪುಟಸಂಖ್ಯೆ ಹಾಕು" ಎಂದರು. ಬಿಳಿ ಹಾಳೆಗಳಿಗೆ ಒಂದೊಂದಾಗಿ ಗೋಂದು ಹಚ್ಚಿ ಅಂಟಿಸಿ ಹಾಕಿದೆ. ಪುಟ 23ರಿಂದ 41.